ಮೊದಲು ವ್ಯಾನಿಗೆ, ಆಮೇಲೆ ಬೈಕಿಗೆ

"ಕನ್ನಡಿ ನೋಡಿದ್ಯಾ ಗ್ಲೆನ್? ಹಿಂದೆ ಒಂದು ದಿಬ್ಬಣಾನೇ ಸೇರಿದೆ. ಟ್ರ್ಯಾಕ್ಟರಿನವನೊಬ್ಬ ಇದಾನೆ ನೋಡು, ಅವನಿಗೂ ನಮ್ಮಿಂದ ತಡ ಆಗ್ತಿದೆ."

ಪಕ್ಕದ ಸೀಟಿನಿಂದ ಗಂಡ ಎಮ್ರಿಸ್ ಹೀಗೆ ಹೇಳುವ ಮೊದಲೇ ಗ್ಲೆನಿಸ್ ನೋಡಿದ್ದಳು. ಶ್ಯಾಪ್ ಎಂಬ ಗುಡ್ಡದ ಏರು ಶುರುವಾದಾಗಿನಿಂದ ಅವಳ ಕಣ್ಣು ರಸ್ತೆಗಿಂತ ಕನ್ನಡಿಯ ಮೇಲೇ ಹೆಚ್ಚು ಇತ್ತು. ಕನ್ನಡಿಯಲ್ಲಿ ಕಾರುಗಳಿದ್ದವು, ಕಾರುಗಳ ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಕುರಿಗಳು ಚುಕ್ಕೆಯಿಟ್ಟಂತೆ ನಿಂತ ಬೋಳು ಗುಡ್ಡ. ಕಾಣದೆ ಇದ್ದದ್ದು ಒಂದೇ, ಅವಳು ಎಳೆಯುತ್ತಿದ್ದ ಟ್ರೈಲರು. ವ್ಯಾನಿನ ಬೆನ್ನ ಹಿಂದೆ ಪೂರಾ ಮರೆಯಾಗಿಬಿಡುವಷ್ಟು ಸಣ್ಣದು ಅದು. ಹಿಂದೆ ಬರುತ್ತಿದೆಯೋ ಇಲ್ಲಾ ಕಳಚಿಕೊಂಡು ಹಳ್ಳಕ್ಕೆ ಹೋಯಿತೋ ತಿಳಿಯಲೆಂದು ಎಮ್ರಿಸ್ ಅದರ ಎರಡೂ ಮೂಲೆಗೆ ಬಿದಿರುಕಡ್ಡಿ ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟಿದ್ದ. ಬಟ್ಟೆ ಅಲ್ಲಾಡುತ್ತಿದೆ ಎಂದರೆ ಟ್ರೈಲರಿದೆ, ಟ್ರೈಲರಿದೆ ಎಂದರೆ ಮೇಲೆ ಬೈಕಿದೆ, ಬೈಕಿದೆ ಎಂದರೆ ಎಮ್ರಿಸನ ಜೀವ ನೆಟ್ಟಗಿದೆ.

"ಗೇರು ಮೂರಕ್ಕೆ ಇಳಿಸು."

"ಮೂರರಲ್ಲೇ ಇದೆ."

"ಹಾಗಾದ್ರೆ ಎರಡಕ್ಕೆ."

"ಎರಡಕ್ಕೆ ಹಾಕೋ ಬದ್ಲು ಇಳ್ಕೊಂಡು ನಡ್ಕೊಂಡು ಹೋಗೋದೇ ವಾಸಿ."

"ಇಂಜಿನ್ ನರಳ್ತಿದೆ ಹುಡುಗಿ, ಕೇಳ್ಸಲ್ವಾ ನಿಂಗೆ?"

"ಇಂಜಿನ್ ನರಳೋದು ನಿಂಗೆ ಚೆನ್ನಾಗೇ ಕೇಳ್ಸುತ್ತೆ," ಎಂದು ಗ್ಲೆನಿಸ್ ಎರಡಕ್ಕೆ ಇಳಿಸಿದಳು.

ಎಡಗಡೆ ರಸ್ತೆಯಂಚಿನಲ್ಲಿ ಒಂದಿಷ್ಟು ಜಾಗ ಸಿಕ್ಕಿತು. ಅವಳು ವ್ಯಾನನ್ನು ಅದಕ್ಕೆ ಒತ್ತಿಸಿದಳು. ಹಿಂದಿನ ದಿಬ್ಬಣವೆಲ್ಲ ಒಂದೊಂದಾಗಿ ಮುಂದೆ ಹೋಯಿತು. ಕೆಲವರು ಕೈಯೆತ್ತಿ ವಂದಿಸಿದರು, ಒಬ್ಬ ಬೇರೆ ಥರದ ಸನ್ನೆ ಮಾಡಿದ. ಎಮ್ರಿಸ್ ಎಲ್ಲರಿಗೂ ಪಾದ್ರಿಯ ಹಾಗೆ ಕೈಯೆತ್ತಿ ಹರಸಿದ. ಟ್ರ್ಯಾಕ್ಟರಿನವನು ಹೋಗುವಾಗಲಂತೂ ಕಿಟಕಿ ಇಳಿಸಿ, "ಏನ್ ಅವಸರಾನಪ್ಪಾ, ಹುಲ್ಲು ಓಡ್ಹೋಗುತ್ತಾ?" ಎಂದು ಕೂಗಿದ.

ಗ್ಲೆನಿಸ್ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು. ಹಾಗೇ ನಿದ್ದೆ ಹೋದರೂ ಹೋಗುತ್ತಿದ್ದಳು.

ಇಬ್ಬರೂ ವೇಲ್ಸಿನ ಅಬರ್‌ಡೇರಿನವರು. ಅವನು ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವನು, ಅವಳು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ ಬಡಿಸಿ ನಿವೃತ್ತಳಾದವಳು. ಆ ವ್ಯಾನು ಅವರ ತಿರುಗಾಟದ ಮನೆ: ಒಳಗೆ ಹಾಸಿಗೆ, ಒಲೆ, ಸಿಂಕು, ಬೀರುವಿನಷ್ಟೇ ಅಗಲದ ಕಕ್ಕಸು. ಹಳೆಯ ಡೀಸೆಲ್ ಇಂಜಿನ್ನು. ಸಪಾಟು ರಸ್ತೆಯಲ್ಲಿ ಸಾಧು, ಏರಿನಲ್ಲಿ ದಮ್ಮಿನ ರೋಗಿ. ಪ್ರತಿ ಜೂನಿನಲ್ಲಿ ಸ್ಕಾಟ್ಲೆಂಡಿನ ಗ್ಯಾಲೊವೇ ಕಡೆ ಹಳೆಯ ಬೈಕುಗಳವರ ಕೂಟ ಸೇರುತ್ತದೆ. ಅಲ್ಲಿಯವರೆಗೆ ಬೈಕನ್ನೇ ಓಡಿಸಿಕೊಂಡು ಹೋಗುವ ವಯಸ್ಸು ದಾಟಿದ ಮೇಲೆ ಎಮ್ರಿಸ್ ಟ್ರೈಲರು ಮಾಡಿಸಿದ. ದೊಡ್ಡ ರಸ್ತೆಯಲ್ಲಿ ಲಾರಿಗಳ ಗಾಳಿಗೆ ಟ್ರೈಲರು ಮೀನಿನ ಬಾಲದಂತೆ ಬೀಸುತ್ತದೆಂದು ಅವನಿಗೆ ಭಯ, ಹಾಗಾಗಿ ಯಾವಾಗಲೂ ಈ ಹಳೆಯ ರಸ್ತೆಯೇ.

ಆಗೆಲ್ಲ ಓಡಿಸುತ್ತಿದ್ದವನು ಅವನು. ಗ್ಲೆನಿಸ್ ಚಪ್ಪಲಿ ಬಿಟ್ಟು, ಕಾಲನ್ನು ಡ್ಯಾಷ್‌ಬೋರ್ಡಿನ ಮೇಲೆ ನೀಡಿ, ಪದಬಂಧ ಬಿಡಿಸುತ್ತ, ಯಾರ ಮನೆಯ ಹಿತ್ತಿಲಲ್ಲಿ ಯಾವ ಬಟ್ಟೆ ಒಣಹಾಕಿದ್ದಾರೆ ಎಂದು ನೋಡುತ್ತ ಹೋಗುತ್ತಿದ್ದಳು. ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅವನ ಎಡಮೊಣಕಾಲು ಕೈಕೊಟ್ಟಿತು. ವ್ಯಾನಿನ ಕ್ಲಚ್ಚು ಒರಳುಕಲ್ಲಿನಷ್ಟು ಬಿಗಿ, ಅದನ್ನು ಒತ್ತುವುದು ಎಡಗಾಲಿನಲ್ಲಿ. ಬೈಕಿನ ಕ್ಲಚ್ಚು ಕೈಯಲ್ಲಿ, ಹಳೆಯ ಕಾಲದ್ದಾದ್ದರಿಂದ ಗೇರು ಬಲಗಾಲಿನಲ್ಲಿ. ಹೀಗಾಗಿ ಎಮ್ರಿಸ್ ಈಗ ಬೈಕು ಓಡಿಸಬಲ್ಲ, ವ್ಯಾನು ಓಡಿಸಲಾರ. ಈ ನ್ಯಾಯವನ್ನು ಯಾವ ದೇವರು ತೀರ್ಮಾನಿಸಿದನೋ ಎಂದು ಗ್ಲೆನಿಸ್‌ಗೆ ದಾರಿಯುದ್ದಕ್ಕೂ ಅನಿಸಿತ್ತು.

ಮನೆ ಬಿಟ್ಟಾಗಿನಿಂದ ಅವಳ ನಾಲಗೆಯ ತುದಿಯಲ್ಲಿ ಒಂದು ಮಾತು ಕೂತಿತ್ತು: ಇದೇ ಕೊನೆ, ಇನ್ನು ನನ್ನಿಂದಾಗದು. ಹಿಯರ್‌ಫರ್ಡ್ ಹತ್ತಿರ ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಅವನು, "ಈ ಸಲ ಕಾರ್ಬೊರೇಟರ್ ಎಂಥಾ ಕೂತಿದೆ ಗೊತ್ತಾ, ಕೂಟದಲ್ಲಿ ನಮ್ಮ ಹ್ಯೂ ಕೇಳಿದ್ರೆ ಅಲ್ಲೇ ಕಕ್ಕಾಬಿಕ್ಕಿ ಆಗ್ತಾನೆ," ಎಂದು ಮಗುವಿನ ಹಾಗೆ ನಕ್ಕ. ಅವಳು ಬಾಯಿ ಮುಚ್ಚಿದಳು. ರಾತ್ರಿ ಬಿಡಾರದಲ್ಲಿ ಮತ್ತೆ ಹೇಳಹೊರಟಳು. ಅವನು ಆಗಲೇ ಟಾರ್ಚು ಹಿಡಿದು ಬೈಕಿನ ಕಟ್ಟು ನೋಡಲು ಕೆಳಗಿಳಿದಿದ್ದ. ಬೆಳಿಗ್ಗೆ ಅವಳ ಭುಜ ಹಲಗೆಯಾಗಿತ್ತು, ಎಡಗಾಲಿನ ಮೀನಖಂಡ ಗಂಟುಕಟ್ಟಿತ್ತು. ಆಗ ಹೇಳುವ ಶಕ್ತಿಯೂ ಉಳಿದಿರಲಿಲ್ಲ.

ಏರು ಇಳಿದ ಮೇಲೆ ಒಂದು ಪೆಟ್ರೋಲ್ ಬಂಕು ಸಿಕ್ಕಿತು. ಪಕ್ಕದಲ್ಲಿ ಪುಟ್ಟ ಅಂಗಡಿ, ಬಿಸಿ ತಿಂಡಿಯ ಕಿಟಕಿ.

"ಎರಡಕ್ಕೂ ತುಂಬಿಸಿಬಿಡೋಣ," ಎಂದ ಎಮ್ರಿಸ್. "ಕೂಟದ ಜಾಗದ ಹತ್ರ ಬಂಕಿಲ್ಲ. ನಾನು ಅಷ್ಟರಲ್ಲಿ ಕಕ್ಕಸಿಗೆ ಹೋಗಿ, ಹಾಗೇ ತಿನ್ನೋಕೆ ಎರಡು ಪೈ ಕಟ್ಟಿಸ್ಕೊಂಡು ಬರ್ತೀನಿ. ಮೊದಲು ವ್ಯಾನಿಗೆ, ಆಮೇಲೆ ಬೈಕಿಗೆ."

"ಗೊತ್ತು."

"ಗೊತ್ತು ಅಂತ ಗೊತ್ತು. ಆದ್ರೂ ಹೇಳ್ದೆ."

ಇದು ಅವನ ಶಾಸನ. ಟ್ರೈಲರಿನ ಮೇಲೆ ಬೈಕು ಹೊತ್ತು ತಿರುಗುವ ಡೀಸೆಲ್ ವ್ಯಾನಿನವರಿಗೆಲ್ಲ ಇಂಥ ಏನಾದರೊಂದು ಶಾಸನ ಇದ್ದೇ ಇರುತ್ತದೆ. ವ್ಯಾನಿನ ಇಂಧನದ ತೊಟ್ಟಿಯ ಬಾಯಿ ಹಿಂಚಕ್ರದ ಪಕ್ಕ, ಬೈಕು ಅಲ್ಲಿಂದ ಎರಡು ಹೆಜ್ಜೆ. ಒಂದಕ್ಕೆ ಡೀಸೆಲ್, ಒಂದಕ್ಕೆ ಪೆಟ್ರೋಲ್. ಮೊದಲು ಕಪ್ಪು ಹಿಡಿಕೆಯ ಕೊಳವೆ ಎತ್ತಿ ವ್ಯಾನಿಗೆ ಡೀಸೆಲ್ ಹಾಕಬೇಕು, ಕೊಳವೆ ತೂಗುಹಾಕಿ, ಒಳಗೆ ಹೋಗಿ ದುಡ್ಡು ಕೊಟ್ಟು ಬರಬೇಕು, ಆಮೇಲೆ ಹಸಿರು ಹಿಡಿಕೆ ಎತ್ತಿ ಬೈಕಿಗೆ ಪೆಟ್ರೋಲ್. ಆ ಕ್ರಮದಲ್ಲಿ ಮಾಡಿದರೆ ಕೈ ತಪ್ಪುವುದಿಲ್ಲ. ಇಷ್ಟು ಸಾಲದೆಂದು ಅವನು ತೊಟ್ಟಿಯ ಮುಚ್ಚಳದ ಮೇಲೆ ಕೈಯಾರೆ ಬಿಳಿ ಬಣ್ಣದಲ್ಲಿ "ಡೀಸೆಲ್" ಎಂದು ಬರೆದೂ ಇದ್ದ. ವರ್ಷಗಟ್ಟಲೆ ಓದಿ ಓದಿ ಗ್ಲೆನಿಸಳ ಕಣ್ಣಿಗೆ ಆ ಅಕ್ಷರ ಬೀಳುವುದೇ ನಿಂತುಹೋಗಿತ್ತು.

ಅವಳು ಇಳಿದಳು. ಎಮ್ರಿಸ್ ಕೋಲೂರಿಕೊಂಡು ಅಂಗಡಿಯ ಕಡೆಗೆ ಹೋಗುತ್ತ, "ಮುಂದಿನ ಪಟ್ಟಿ ಒಂಚೂರು ಸಡಿಲ ಆಗಿದೆಯೇನೋ, ನೋಡ್ಬಿಡು," ಎಂದ. ಹಾಗಾಗಿ ಅವಳು ಮೊದಲು ಟ್ರೈಲರು ಹತ್ತಿದಳು. ಪಟ್ಟಿ ಬಿಗಿದಳು. ಹೇಗೂ ಹತ್ತಿದ್ದೇನೆ, ಮತ್ತೆ ಹತ್ತಿಳಿಯುವ ತಾಪತ್ರಯ ಯಾಕೆಂದು ಕೈ ನೀಡಿ ಹಸಿರು ಹಿಡಿಕೆಯ ಕೊಳವೆ ಎಳೆದುಕೊಂಡು ಬೈಕಿನ ತೊಟ್ಟಿಗೆ ತುಂಬಿದಳು. ಮುಚ್ಚಳ ಹಾಕಿ ಇಳಿದಳು. ಕೊಳವೆ ಕೈಯಲ್ಲೇ ಇತ್ತು. ಎರಡು ಹೆಜ್ಜೆ ಮುಂದೆ ಬಂದು, ವ್ಯಾನಿನ ಮುಚ್ಚಳ ತಿರುಗಿಸಿ ತೆಗೆದು, ಕೊಳವೆ ಒಳಗಿಟ್ಟು, ಹಿಡಿಕೆ ಅದುಮಿ, ವ್ಯಾನಿಗೆ ಒರಗಿ ಕಣ್ಣು ಮುಚ್ಚಿದಳು.

ಕೊಳವೆ ಟಕ್ ಎಂದು ತಾನೇ ನಿಂತಾಗ ಕಣ್ಣು ಬಿಟ್ಟಳು. ಅದನ್ನು ತೂಗುಹಾಕಿ, ಅಭ್ಯಾಸದಂತೆ ಕೈ ಒರೆಸಿಕೊಳ್ಳಲು ಹೋದಳು. ಕೈಯಲ್ಲಿ ಜಿಡ್ಡಿರಲಿಲ್ಲ. ಡೀಸೆಲ್ ಹಾಕಿದ ಕೈ ಸಂಜೆಯವರೆಗೂ ನಾರುತ್ತದೆ. ಈ ಕೈ ಒಣಗಿತ್ತು, ತಣ್ಣಗಿತ್ತು.

ಹಸಿರು ಹಿಡಿಕೆಯನ್ನು ನೋಡಿದಳು. ಕಪ್ಪು ಹಿಡಿಕೆ ತನ್ನ ಜಾಗದಲ್ಲಿ ಯಾರೂ ಮುಟ್ಟದೆ ಕೂತಿತ್ತು.

ಅಯ್ಯೋ ಎಂದು ಕೂಗಿಕೊಳ್ಳುತ್ತೇನೆ ಅಂದುಕೊಂಡಳು. ಕೂಗು ಬರಲಿಲ್ಲ. ಒಳಗೆ ಹೋಗಿ, ಎಷ್ಟಾಯಿತೋ ಅಷ್ಟು ಕೊಟ್ಟಳು. ಎಮ್ರಿಸ್ ತಿಂಡಿಯ ಕಿಟಕಿಯ ಸಾಲಿನಲ್ಲಿ ಯಾರಿಗೋ ಮೊಣಕಾಲಿನ ಕಥೆ ಹೇಳುತ್ತಿದ್ದ. ಅವಳು ಅವನನ್ನು ಕರೆಯಲಿಲ್ಲ. ಹೊರಬಂದು ವ್ಯಾನು ಹತ್ತಿ, ಬಾಗಿಲು ಹಾಕಿಕೊಂಡು, ಕೀಲಿಯನ್ನು ಅದರ ತೂತಿನಲ್ಲಿಟ್ಟಳು.

ಕೀಲಿ ತಿರುಗಿಸದಿದ್ದರೆ ಏನೂ ಆಗಿಲ್ಲ. ಯಾರನ್ನಾದರೂ ಕರೆಸಿ ತೊಟ್ಟಿ ಖಾಲಿ ಮಾಡಿಸಿದರೆ ಮುಗಿಯಿತು. ತಿರುಗಿಸಿದರೆ ಪೆಟ್ರೋಲು ಇಂಜಿನ್ನಿನ ಪಂಪಿನೊಳಗೆ ಹೋಗುತ್ತದೆ, ಜಿಡ್ಡಿಲ್ಲದೆ ಲೋಹಕ್ಕೆ ಲೋಹ ತಿಕ್ಕಿಕೊಳ್ಳುತ್ತದೆ, ಪುಡಿಯೆಲ್ಲ ಇಂಜಿನ್ನಿಗೆ ನುಗ್ಗುತ್ತದೆ. ಇದನ್ನೆಲ್ಲ ಎಮ್ರಿಸ್ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಇಟ್ಟು ತೋರಿಸಿದ್ದ. ಇಷ್ಟು ಹಳೆಯ ವ್ಯಾನಿಗೆ ಅಂಥ ರಿಪೇರಿ ಯಾರೂ ಮಾಡಿಸುವುದಿಲ್ಲ, ಗುಜರಿಗೆ ಹಾಕುತ್ತಾರೆ. ಇನ್ನೊಂದು ಕೊಳ್ಳುವ ಮಾತಂತೂ ಇಲ್ಲವೇ ಇಲ್ಲ. ಅಲ್ಲಿಗೆ ವ್ಯಾನು ಹೋಯಿತು, ಟ್ರೈಲರು ಹೋಯಿತು, ಜೂನು ಹೋಯಿತು. ಅವಳು ಬಾಯಿಬಿಟ್ಟು ಏನೂ ಹೇಳಬೇಕಾಗಿಯೇ ಇರಲಿಲ್ಲ. ದಣಿದಿದ್ದಳು ಪಾಪ, ಗೊತ್ತಾಗಲಿಲ್ಲ ಅನ್ನುತ್ತಿದ್ದರು ಎಲ್ಲರೂ. ಎಮ್ರಿಸನೂ ಒಂದು ವಾರ ಮುಖ ಊದಿಸಿಕೊಂಡು, ಆಮೇಲೆ ಹಾಗೆಯೇ ಅನ್ನುತ್ತಿದ್ದ.

ಹಿಂದಿನಿಂದ ಹಾರನ್ ಕೇಳಿಸಿತು. ನೀಲಿ ಕಾರೊಂದು ಪಂಪಿಗಾಗಿ ಕಾಯುತ್ತಿತ್ತು. ಅವಳು ಅಲ್ಲಾಡಲಿಲ್ಲ. ಇನ್ನೊಮ್ಮೆ ಹಾರನ್. ಆಮೇಲೆ ಕಾರಿನವನೇ ಇಳಿದು ಬಂದು ಕಿಟಕಿಯ ಹತ್ತಿರ ನಿಂತ.

"ಏನಮ್ಮಾ, ಒಳಗೆ ಟೀಗಿಟ್ಟಿದೀರೇನು? ನಾವೂ ಬಂದು ಕೂತ್ಕೊಳ್ಳೋದಾ ಇಲ್ಲಾ ಗಾಡಿ ತೆಗೀತೀರಾ?"

ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಹಿಂದೆ ಹಾರನ್ ಹೊಡೆದರು, ಗಾಬರಿಯಲ್ಲಿ ತಿರುಗಿಸಿಬಿಟ್ಟೆ. ಗ್ಲೆನಿಸಳ ಬೆರಳು ಕೀಲಿಯ ಮೇಲೆಯೇ ಇತ್ತು. ಅವನ ಮುಖ ನೋಡಿದಳು. ಬಿಸಿಲಿಗೆ ಕೆಂಪಾದ, ಊಟ ತಡವಾದ ಮುಖ. ಇಷ್ಟು ವರ್ಷದ ಸಂಸಾರದ ಒಂದು ಅಧ್ಯಾಯವನ್ನು ಈ ಮನುಷ್ಯನ ಹಾರನ್ನಿಗೆ ಮುಗಿಸುವುದೇ ಎಂದು ಅವಳಿಗೆ ರೇಗಿತು.

"ಗಾಡಿ ಸ್ಟಾರ್ಟ್ ಮಾಡೋ ಹಾಗಿಲ್ಲಪ್ಪ," ಎಂದಳು. "ತಳ್ಬೇಕು. ಅಲ್ಲಿ ಮುಂದೆ ಗೋಡೆ ಹತ್ರಕ್ಕೆ. ಕೈ ಹಾಕ್ತೀಯಾ?"

"ಟ್ರೈಲರ್ ಸಮೇತವಾ?"

"ಟ್ರೈಲರ್ ಇಲ್ಲೇ ಬಿಟ್ರೆ ನಿಂಗೇ ಅಡ್ಡ ಆಗುತ್ತೆ."

ಅವನು ತಲೆ ಕೆರೆದುಕೊಂಡು, ಆಮೇಲೆ ನಕ್ಕು, ಅಂಗಿಯ ತೋಳು ಮಡಚಿದ. ಸೈಕಲ್ಲಿನವರಿಬ್ಬರು ನೀರು ಕುಡಿಯುತ್ತ ನಿಂತಿದ್ದರು, ಅವರನ್ನೂ ಕರೆದ. ಸ್ಟಿಯರಿಂಗಿನ ಬೀಗ ಬಿಡಿಸಿಕೊಳ್ಳಲು ಗ್ಲೆನಿಸ್ ಕೀಲಿಯನ್ನು ಒಂದೇ ಒಂದು ಟಿಕ್ ತಿರುಗಿಸಿದಳು. ಇನ್ನೊಂದು ಟಿಕ್ ಮುಂದೆ ಹೋದರೆ ಎಲ್ಲ ಮುಗಿಯುವ ಜಾಗ ಬೆರಳಿಗೆ ತಿಳಿಯುತ್ತಿತ್ತು. ಹಿಂದೆ ಗಂಡಸರು "ಏಯ್ ಹುಪ್ಪಾ" ಎನ್ನುತ್ತಿದ್ದರು. ಮನೆ, ಒಲೆ, ಹಾಸಿಗೆ, ಬೈಕು ಎಲ್ಲ ಸೇರಿದ ಆ ಮೆರವಣಿಗೆ ನಿಧಾನಕ್ಕೆ ಉರುಳಿ ಗೋಡೆಯ ಪಕ್ಕಕ್ಕೆ ಬಂದು ನಿಂತಿತು. ಎರಡು ಪೈ ಹಿಡಿದು ಅಂಗಡಿಯಿಂದ ಹೊರಬಂದ ಎಮ್ರಿಸ್ ಬಾಗಿಲಲ್ಲೇ ಕಲ್ಲಾದ.

"ಏನಾಯ್ತು?"

"ಪೆಟ್ರೋಲ್ ಹಾಕ್ದೆ," ಎಂದಳು ಗ್ಲೆನಿಸ್.

"ಬೈಕಿಗೆ ತಾನೆ?"

"ಬೈಕಿಗೂ ಹಾಕ್ದೆ."

ಅವನು ವ್ಯಾನಿನ ತೊಟ್ಟಿಯ ಮುಚ್ಚಳ ನೋಡಿದ, ತಾನೇ ಬರೆದ ಬಿಳಿ ಅಕ್ಷರ ನೋಡಿದ, ಅವಳನ್ನು ನೋಡಿದ. ಪೈಯ ಪೊಟ್ಟಣವೊಂದನ್ನು ಅವಳ ಕೈಗೆ ಕೊಟ್ಟು, "ಬಿಸಿ ಇದೆ, ತಿನ್ನು," ಎಂದ. ಬೈದಿದ್ದರೆ ಚೆನ್ನಾಗಿತ್ತು.

ಫೋನು ಮಾಡಿದ್ದಾಯಿತು. ತೊಟ್ಟಿ ಖಾಲಿ ಮಾಡುವವನು ಪ್ರೆಸ್ಟನ್‌ನಿಂದ ಬರಬೇಕಿತ್ತು. ಇಬ್ಬರೂ ವ್ಯಾನಿನ ಒಳಗೆ ಪುಟ್ಟ ಮೇಜಿನ ಎದುರುಬದುರು ಕೂತರು. ಗ್ಲೆನಿಸ್ ಟೀಗಿಟ್ಟಳು. ಎಮ್ರಿಸ್ ಹ್ಯೂಗೆ ಫೋನು ಹಚ್ಚಿದ. ಅದೇ ಕೂಟಕ್ಕೆ ಹೊರಟವನು ಹ್ಯೂ, ಮೂವತ್ತು ವರ್ಷದ ಗೆಳೆಯ, ಕಿವಿ ಮಂದವಾದ್ದರಿಂದ ಅವನ ಜೊತೆ ಮಾತಾಡುವುದೆಂದರೆ ಊರಿಗೆಲ್ಲ ಕೇಳುವಂತೆ ಮಾತಾಡುವುದು.

"ತಡ ಆಗುತ್ತೆ ಕಣೋ! ವ್ಯಾನಿಗೆ ಪೆಟ್ರೋಲ್ ಹಾಕ್ಬಿಟ್ಟೆ!... ನಾನೇ ಕಣೋ, ನಾನೇ!... ಹೌದು ನಗು, ನಗು, ನಿನ್ನ ಹಲ್ಲಿನ ಸೆಟ್ಟು ಬೀಳೋವರೆಗೂ ನಗು!"

ಫೋನು ಇಟ್ಟ ಮೇಲೆ ಗ್ಲೆನಿಸ್ ಕೇಳಿದಳು, "ಯಾಕೆ ಸುಳ್ಳು ಹೇಳ್ದೆ?"

"ಅವನು ಊರೆಲ್ಲ ಹೇಳ್ಕೊಂಡು ಬರ್ತಾನೆ. ನಿನ್ನ ಹೆಸರು ಯಾಕೆ ಆಡ್ಕೋಬೇಕು ಅವರು?" ಎಂದು ಅವನು ಟೀಗೆ ಸಕ್ಕರೆ ಹಾಕಿದ. "ನಂಗಾದ್ರೆ ಅಭ್ಯಾಸ ಇದೆ."

ಆ ಸಕ್ಕರೆ ಕದಡುವ ಚಮಚದ ಸದ್ದು ಗ್ಲೆನಿಸ್‌ಗೆ ತಡೆಯಲಾಗಲಿಲ್ಲ. ಪೈಯನ್ನು ಮತ್ತೆ ಪೊಟ್ಟಣದೊಳಗೆ ಸುತ್ತಿಟ್ಟಳು.

ಬಂದವನ ಹೆಸರು ರಫೀಕ್. ನಡುವಯಸ್ಸಿನ, ದುಂಡು ಹೊಟ್ಟೆಯ ಮನುಷ್ಯ. ತನ್ನ ವ್ಯಾನಿನಿಂದ ಇಳಿಯುವಾಗಲೇ ಮಾತು ಶುರು ಮಾಡಿದ್ದ. ಆ ಸೀಮೆಯವರಿಗೆ ಹೆಂಗಸರೆಲ್ಲ ಲವ್ವೇ, ಗಿರಾಕಿಯಾಗಲಿ ಅಜ್ಜಿಯಾಗಲಿ.

"ಹೇಳಿ ಲವ್, ಕೀಲಿ ತಿರುಗಿಸಿದ್ರಾ?"

"ಸ್ಟಿಯರಿಂಗ್ ಬಿಡಿಸೋಕೆ ಒಂದು ಟಿಕ್. ಅಷ್ಟೇ."

"ಅದು ಲೆಕ್ಕಕ್ಕಿಲ್ಲ ಬಿಡಿ, ಹಳೇ ಗಾಡಿ ಇದು. ಇಂಜಿನ್ ಸ್ಟಾರ್ಟ್ ಮಾಡಿಲ್ವಲ್ಲ?"

"ಇಲ್ಲ."

"ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ! ಎಲ್ರೂ ಮಾಡ್ತಾರೆ ಲವ್. ವಕೀಲರು, ಡಾಕ್ಟರು, ಮೊನ್ನೆ ಒಬ್ಬ ಪೊಲೀಸಿನವನು. ಸ್ಟಾರ್ಟ್ ಮಾಡಿ, ದೊಡ್ಡ ರಸ್ತೆಗೆ ಹೋಗಿ, ಅಲ್ಲಿ ನಿಂತ್ಮೇಲೆ ನಂಗೆ ಫೋನ್." ಅವನು ಕೊಳವೆ ಬಿಚ್ಚುತ್ತ ಎಮ್ರಿಸನ ಕಡೆ ತಿರುಗಿದ. "ಬೈಕಿಗೆ ಡೀಸೆಲ್ ಹಾಕಿಲ್ಲ ತಾನೆ ಯಜಮಾನ್ರೇ? ಹಾಕಿದ್ರೆ ಈಗ್ಲೇ ಹೇಳಿ, ಒಟ್ಟಿಗೆ ಮುಗಿಸ್ಬಿಡ್ತೀನಿ."

"ಬೈಕಿನ ತಂಟೆಗೆ ಯಾರನ್ನೂ ಬಿಡಲ್ಲ ನಾನು," ಎಂದ ಎಮ್ರಿಸ್. ಆಮೇಲೆ ಎದೆಯುಬ್ಬಿಸಿ, "ನೋಡಿದ್ಯೇನಯ್ಯಾ ನನ್ನ ಹೆಂಡ್ತೀನ? ತಪ್ಪು ಯಾರು ಮಾಡಲ್ಲ? ಆದ್ರೆ ಆ ಗಡಿಬಿಡೀಲೂ ಇಂಜಿನ್ ಸ್ಟಾರ್ಟ್ ಮಾಡ್ಲಿಲ್ಲ. ಬುದ್ಧಿ ಅಂದ್ರೆ ಅದು."

"ಎಮ್ರಿಸ್, ಸಾಕು."

"ಯಾಕೆ ಸಾಕು? ಹೇಳ್ತೀನಿ. ಈ ವಯಸ್ಸಲ್ಲಿ ಇಷ್ಟು ದೂರ ಓಡಿಸ್ಕೊಂಡು ಬಂದಿದಾಳೆ, ಒಂದು ದಿನ ಬೇಜಾರು ಅಂದಿಲ್ಲ..."

"ತಿರುಗಿಸೋಕೆ ಹೋಗಿದ್ದೆ," ಎಂದಳು ಗ್ಲೆನಿಸ್.

"ಏನು?"

"ಕೀಲಿ. ಪೆಟ್ರೋಲ್ ಹಾಕಿದೀನಿ ಅಂತ ಗೊತ್ತಿತ್ತು. ಗೊತ್ತಿದ್ದೂ ಕೂತ್ಕೊಂಡು ಕೀಲಿ ಇಟ್ಟೆ. ತಿರುಗಿಸಿದ್ರೆ ಇದೆಲ್ಲ ಮುಗಿಯುತ್ತೆ ಅಂತ."

ರಫೀಕನಿಗೆ ಇದ್ದಕ್ಕಿದ್ದಂತೆ ತನ್ನ ಕೊಳವೆಯ ತುದಿಯಲ್ಲಿ ಬಹಳ ಆಸಕ್ತಿ ಬಂತು. ಮಂಡಿಯೂರಿ ವ್ಯಾನಿನ ಅಡಿಗೆ ತಲೆ ಹಾಕಿದ.

"ಇದೆಲ್ಲ ಅಂದ್ರೆ?" ಎಂದ ಎಮ್ರಿಸ್.

"ಇದೆಲ್ಲ." ಅವಳು ವ್ಯಾನು, ಕೊಂಡಿ, ಟ್ರೈಲರು ಎಲ್ಲದರ ಕಡೆಗೂ ಕೈಬೀಸಿದಳು. "ಎಳೆಯೋದು. ಕಟ್ಟೋದು, ಬಿಚ್ಚೋದು. ಕನ್ನಡೀಲಿ ಆ ಕೆಂಪು ಚಿಂದಿ ನೋಡ್ಕೊಂಡು ಕೂರೋದು. ಸಾಕಾಗಿದೆ ನಂಗೆ."

"ನನ್ನ ಗಾಡಿ ಸುಟ್ಟುಹಾಕ್ತಿದ್ಯಾ?"

"ನಿನ್ನ ಗಾಡಿ? ಓಡಿಸೋಳು ನಾನು."

"ಹೇಳ್ಬಹುದಿತ್ತಲ್ಲ! ಬಾಯಿ ಇರ್ಲಿಲ್ವಾ?"

"ಯಾವಾಗ ಹೇಳ್ಲಿ? ನೀನು ಬಾಯಿ ಮುಚ್ಚಿದಾಗ ಹೇಳೋಣ ಅಂತಿದ್ದೆ. ಅಬರ್‌ಡೇರಿಂದ ಇಲ್ಲೀವರೆಗೂ ನೀನು ಮುಚ್ಲಿಲ್ಲ!"

ವ್ಯಾನಿನ ಅಡಿಯಿಂದ ಕೆಮ್ಮು ಕೇಳಿಸಿತು. ನಗು ಆಗಿದ್ದರೂ ಆಗಿರಬಹುದು.

ಎಮ್ರಿಸ್ ಅಲ್ಲಿಂದ ಸರಿದು ಹೋದ. ಟ್ರೈಲರಿನ ಸುತ್ತ ಒಂದು ಸುತ್ತು ಹಾಕಿದ, ಬಿಗಿಯಾಗಿದ್ದ ಪಟ್ಟಿಗಳನ್ನೇ ಎಳೆದೆಳೆದು ನೋಡಿದ, ಬೈಕಿನ ತೊಟ್ಟಿಯನ್ನು ಅಂಗೈಯಿಂದ ಒರೆಸಿದ. ಮರಳಿ ಬಂದಾಗ ಅವನ ಮುಖ ಸಣ್ಣಗಾಗಿತ್ತು.

"ಇಷ್ಟು ವರ್ಷ ಬಂದಿದ್ದೆಲ್ಲ ಒಲ್ಲದ ಮನಸ್ಸಿಂದಾನಾ?"

"ಅಲ್ಲ," ಎಂದಳು ಗ್ಲೆನಿಸ್. ಅವಳು ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. "ನೀನು ಓಡಿಸ್ತಿದ್ದಾಗ ನಂಗೂ ಖುಷಿ ಇತ್ತು. ನಾನು ಕಿಟಕಿ ನೋಡ್ತಿದ್ದೆ. ಈಗ ನಿನ್ನ ಮೊಣಕಾಲು ನಾನೇ ಆಗ್ಬಿಟ್ಟಿದೀನಿ ಎಮ್ರಿಸ್. ನಿನ್ನ ಹತ್ರ ಇರೋದಾದ್ರೂ ಒಂದು ಕೆಟ್ಟಿರೋ ಮೊಣಕಾಲು. ನಂದು ಎರಡೂ ಕೆಡ್ತಾ ಇದೆ."

ಮೆಟ್ಟಿಲ ಮೇಲೆ ಜಾಗವಿದ್ದದ್ದು ಒಬ್ಬರಿಗೇ. ಹಾಗಾಗಿ ಎಮ್ರಿಸ್ ಪಕ್ಕದಲ್ಲಿ ವ್ಯಾನಿಗೆ ಒರಗಿ, ಕೋಲಿನ ಮೇಲೆ ಭಾರ ಬಿಟ್ಟು ನಿಂತ. ತೊಟ್ಟಿ ಖಾಲಿ ಮಾಡುವ ಪಂಪು ಗುರುಗುಟ್ಟುತ್ತಿತ್ತು. ರಫೀಕ್ ಒಂದು ಡಬ್ಬದಿಂದ ಡೀಸೆಲ್ ಸುರಿದು, ಕೈ ಒರೆಸಿಕೊಂಡು, ಇಬ್ಬರ ನಡುವಿನ ಗಾಳಿಗೆ ಹೇಳುವಂತೆ ಹೇಳಿದ:

"ಈಗ ಯಾರಾದ್ರೂ ತಿರುಗಿಸ್ಬಹುದು."

"ನೀನೇ ತಿರುಗಿಸು," ಎಂದಳು ಗ್ಲೆನಿಸ್ ಗಂಡನಿಗೆ. "ನ್ಯೂಟ್ರಲ್‌ನಲ್ಲಿದೆ. ಕ್ಲಚ್ ಬೇಕಾಗಿಲ್ಲ."

ಎಮ್ರಿಸ್ ಸೀಟಿಗೆ ಹತ್ತುವುದಕ್ಕೇ ಬಹಳ ಹೊತ್ತು ಹಿಡಿಯಿತು. ಇಂಜಿನ್ನು ಒಮ್ಮೆ ಕೆಮ್ಮಿ, ಇನ್ನೊಮ್ಮೆ ಕೆಮ್ಮಿ, ಬಿಳಿ ಹೊಗೆ ಉಗುಳಿ, ತನ್ನ ಎಂದಿನ ಗೊಣಗಾಟಕ್ಕೆ ಕೂತಿತು. ಅವನು ಕಿವಿಗೊಟ್ಟು ಕೇಳಿ, ತಲೆಯಾಡಿಸಿ, ಆರಿಸಿದ.

"ಗಟ್ಟಿ ಗಾಡಿ," ಎಂದ ರಫೀಕ್, ಸಾಮಾನು ತುಂಬಿಕೊಳ್ಳುತ್ತ. ಹೊರಡುವ ಮೊದಲು ಗ್ಲೆನಿಸಳ ಹತ್ತಿರ ಬಗ್ಗಿ, ಎಮ್ರಿಸನಿಗೆ ಕೇಳಿಸದಂತೆ ಅಂದ, "ನನ್ನ ಹೆಂಡ್ತಿ ಈ ವ್ಯಾನ್ ಹತ್ತಿ ಎಂಟು ವರ್ಷ ಆಯ್ತು ಲವ್. ನಾತ ಅಂತಾಳೆ. ನಂಗೇನೂ ನಾತ ಬರಲ್ಲ. ಮೂಗಿಗೆ ಅಭ್ಯಾಸ ಆಗ್ಬಿಡುತ್ತೆ ನೋಡಿ."

ಅವನು ಹೋದ ಮೇಲೆ ಎಮ್ರಿಸ್ ಮತ್ತೆ ಫೋನು ಹಿಡಿದು ಗೋಡೆಯ ಆಚೆ ತುದಿಗೆ ನಡೆದ. ಈ ಸಲ ಕೂಗು ಕೇಳಿಸಲಿಲ್ಲ, ಕೋಲು ಮಾತ್ರ ಆಗಾಗ ಗಾಳಿಯಲ್ಲಿ ಎದ್ದೇಳುತ್ತಿತ್ತು. ಗ್ಲೆನಿಸ್ ಒಳಗೆ ಹೋಗಿ ಚಪ್ಪಲಿ ಬಿಟ್ಟಳು. ಟೀ ಲೋಟ ತೊಳೆಯಬೇಕೆಂದುಕೊಂಡಳು, ತೊಳೆಯಲಿಲ್ಲ. ಹಾಸಿಗೆಯ ಮೇಲೆ ಕೂತಳು.

ಎಮ್ರಿಸ್ ಬಾಗಿಲಲ್ಲಿ ಬಂದು ನಿಂತ.

"ಹ್ಯೂ ಇನ್ನೂ ನಮ್ಮ ಹಿಂದೇನೇ ಇದಾನೆ, ಲ್ಯಾಂಕಾಸ್ಟರ್ ದಾಟಿಲ್ಲ. ಈ ವರ್ಷ ಅವನ ಬೈಕಿನ ಇಂಜಿನ್ ಬಿಚ್ಚಿ ಮೇಜಿನ ಮೇಲಿದೆಯಂತೆ, ಬರೀ ಕಾರಲ್ಲಿ ಬರ್ತಿದಾನೆ. ಕಾರಿಗೆ ಕೊಂಡಿ ಇದೆ."

"ಹ್ಞೂಂ."

"ಟ್ರೈಲರ್ ಅವನು ಎಳ್ಕೊಂಡು ಹೋಗ್ತಾನೆ. ವಾಪಸ್ ತರೋದೂ ಅವನೇ."

"ನಿಜ ಹೇಳಿದ್ಯಾ ಅವನಿಗೆ?"

"ಪೆಟ್ರೋಲ್ ಹಾಕಿದ್ದು ನಾನಲ್ಲ ಅಂತ ಹೇಳ್ದೆ. ಮಿಕ್ಕಿದ್ದು ನಮ್ಮನೆ ವಿಷ್ಯ."

"ಮುಂದಿನ ವರ್ಷ?"

ಎಮ್ರಿಸ್ ಕೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದ. "ಮುಂದಿನ ವರ್ಷ ನಾನು ಹ್ಯೂ ಜೊತೆ ಹೋಗ್ತೀನಿ. ನೀನು ಬೇಕಾದ್ರೆ ಬಾ, ಬೇಡ್ದಿದ್ರೆ ನಿಮ್ಮಕ್ಕನ ಮನೇಲಿ ಕೂತ್ಕೊಂಡು ನನ್ನ ಬಯ್ಕೊಳ್ಳಿ ಇಬ್ರೂ. ಈ ಗಾಡಿ ಕೊಂಡೀನೇ ತೆಗ್ಸಿಬಿಡ್ತೀನಿ."

"ಕೋಪ ಇದೆಯಾ ನನ್ಮೇಲೆ?"

"ಇದೆ. ಇರ್ಲಿ ಬಿಡು ಸ್ವಲ್ಪ ಹೊತ್ತು. ನೀನು ಮಲ್ಕೋ, ನಾನು ಟ್ರೈಲರ್ ಬಿಚ್ಚಿಡ್ತೀನಿ."

"ನಿನ್ನ ಕೈಲಿ ಬಿಚ್ಚೋಕಾಗಲ್ಲ, ಬಗ್ಬೇಕು. ಹ್ಯೂ ಬರ್ಲಿ."

"ಮಲ್ಕೋ ಅಂದ್ನಲ್ಲೇ."

ಅವಳು ಮಲಗಿದಳು. ಹೊರಗೆ ಇನ್ನೂ ಬಿಸಿಲಿತ್ತು, ಪರದೆಯ ಸಂದಿಯಿಂದ ಒಂದು ಗೆರೆ ಬಂದು ಕಂಬಳಿಯ ಮೇಲೆ ಬಿದ್ದಿತ್ತು. ಗೋಡೆಯ ಪಕ್ಕದ ಜಲ್ಲಿಯ ಮೇಲೆ ಕೋಲಿನ ಸದ್ದು, ಕಾಲೆಳೆಯುವ ಸದ್ದು. ಟ್ರೈಲರಿನ ದೀಪದ ತಂತಿ ಕಿತ್ತದ್ದು ಕೇಳಿಸಿತು. ಆಮೇಲೆ ಅವನು ವೆಲ್ಷಿನಲ್ಲಿ ತನ್ನ ಮೊಣಕಾಲನ್ನು, ಅದನ್ನು ಕೊಟ್ಟವನನ್ನು, ಇಬ್ಬರನ್ನೂ ಸೇರಿಸಿ ಬೈದದ್ದು ಕೇಳಿಸಿತು. ಟ್ರೈಲರಿನ ಮೂತಿಯ ಪುಟ್ಟ ಚಕ್ರವನ್ನು ಕೆಳಗಿಳಿಸುವ ಹಿಡಿಕೆ ಕಿರ್ ಕಿರ್ ಎಂದು ತಿರುಗತೊಡಗಿತು, ನಿಂತಿತು, ಮತ್ತೆ ತಿರುಗಿತು. ಎದ್ದು ಹೋಗಬೇಕೆಂದು ಗ್ಲೆನಿಸ್ ಮೊಣಕೈ ಊರಿದಳು.

ಅಷ್ಟರಲ್ಲಿ ಟ್ರೈಲರಿನ ಕೊಂಡಿ ವ್ಯಾನಿನ ಹಿಂದಿನ ಕಬ್ಬಿಣದ ಗುಂಡಿನಿಂದ ಕಳಚಿತು. ಭಾರ ಹೋದ ವ್ಯಾನಿನ ಹಿಂಭಾಗ ಅವಳು ಮಲಗಿದ್ದ ಹಾಸಿಗೆಯ ಸಮೇತ ಒಂದು ಬೆರಳಿನಷ್ಟು ಮೇಲೆದ್ದಿತು.